ಲೆಮ್ನೋಸ್ ದ್ವೀಪದಲ್ಲಿ ಫಿಲೊಕ್ಟಿಟಿಸ್: ಜೇಮ್ಸ್ ಬ್ಯಾರಿಯವರ ಎಚಿಂಗ್ ಚಿತ್ರ (1777)

ಪರಿಚಯ:
ಲೋಹದ ಫಲಕವನ್ನು ಆಮ್ಲದಿಂದ ಕೊರೆದು ಕಾಗದದ ಮೇಲೆ ಅಚ್ಚೊತ್ತುವ ಚಿತ್ರಕ್ಕೆ ಎಚಿಂಗ್ ಎಂದು ಹೆಸರು. ಗ್ರೀಕ್ ಪುರಾಣದ ಪ್ರಸಂಗವೊಂದನ್ನು ಆಧರಿಸಿದ ಈ ಚಿತ್ರವನ್ನು ಐರ್ಲೆಂಡಿನ ಕಾರ್ಕ್ ನಗರದಲ್ಲಿ ಜನಿಸಿದ ಕಲಾವಿದ ಜೇಮ್ಸ್ ಬ್ಯಾರಿ (1741–1806) ಅವರು ರಚಿಸಿರುತ್ತಾರೆ.

ಪುರಾಣದ ಹಿನ್ನೆಲೆ:
ಫಿಲೊಕ್ಟಿಟಿಸ್ ಮಹಾವೀರ ಹೆರಾಕ್ಲಿಸನ ಬಿಲ್ಲುಬಾಣಗಳನ್ನು ಪಡೆದಿದ್ದ ಬಿಲ್ಲುಗಾರ. ಟ್ರಾಯ್ ಯುದ್ಧಕ್ಕೆ ತೆರಳುವ ಮಾರ್ಗದಲ್ಲಿ ಆತನ ಕಾಲಿಗೆ ಸರ್ಪವು ಕಚ್ಚಿತು. ಗಾಯದ ದುರ್ವಾಸನೆಯನ್ನೂ ಆತನ ಆರ್ತನಾದವನ್ನೂ ಸಹಿಸಲಾರದೆ, ಒಡಿಸ್ಯೂಸನ ಸಲಹೆಯಂತೆ ಸಂಗಡಿಗರು ಆತನನ್ನು ಲೆಮ್ನೋಸ್ ದ್ವೀಪದಲ್ಲಿ ಬಿಟ್ಟುಹೋದರು. ಸುಮಾರು ಹತ್ತು ವರ್ಷಗಳ ನಂತರ, ಆ ಬಿಲ್ಲಿಲ್ಲದೆ ಟ್ರಾಯ್ ಪತನವಾಗದೆಂಬ ಭವಿಷ್ಯವಾಣಿಯನ್ನು ಕೇಳಿ, ತೊರೆದವರೇ ಆತನನ್ನು ಅರಸಿಕೊಂಡು ಬಂದರು. ಕ್ರಿ.ಪೂ. 409ರಲ್ಲಿ ಪ್ರದರ್ಶಿತವಾದ ಸೊಫೊಕ್ಲಿಸನ ನಾಟಕಕ್ಕೂ ಇದೇ ವಸ್ತು.

ಚಿತ್ರದ ವೈಶಿಷ್ಟ್ಯ:
ಬ್ಯಾರಿಯವರು ಯುದ್ಧವನ್ನಾಗಲಿ ವಿಜಯವನ್ನಾಗಲಿ ಚಿತ್ರಿಸಿಲ್ಲ. ಬಂಡೆಗಳ ನಡುವೆ ಗಾಯಗೊಂಡ ಕಾಲಿನೊಡನೆ ಕುಳಿತಿರುವ ಒಂಟಿ ಮನುಷ್ಯನ ವೇದನೆಯೇ ಇಲ್ಲಿ ಪ್ರಧಾನ. ದೇಹ ಬಲಿಷ್ಠವಾಗಿದ್ದರೂ ನೆರವಿಗೆ ಯಾರೂ ಇಲ್ಲ. ಅನುಪಯುಕ್ತನೆಂದು ತೊರೆಯಲ್ಪಟ್ಟವನೇ ಅನಿವಾರ್ಯನಾಗುವ ಕಥೆಯಲ್ಲಿ, ತೊರೆಯಲ್ಪಟ್ಟ ದಿನಗಳನ್ನೇ ಕಲಾವಿದರು ಆರಿಸಿಕೊಂಡಿದ್ದಾರೆ.

ರಚನಾ ವಿಧಾನ:
ತಾಮ್ರದ ಫಲಕಕ್ಕೆ ಮೇಣಮಿಶ್ರಿತ ಲೇಪನ ಹಚ್ಚಿ, ಸೂಜಿಯಿಂದ ಗೆರೆ ಎಳೆದು ಆಮ್ಲದಲ್ಲಿ ಇರಿಸಲಾಗುತ್ತದೆ. ಆಮ್ಲವು ಗೆರೆಗಳನ್ನು ಮಾತ್ರ ಕೊರೆಯುತ್ತದೆ. ಅವುಗಳಲ್ಲಿ ಶಾಯಿ ತುಂಬಿ ಅಚ್ಚು ತೆಗೆಯಲಾಗುತ್ತದೆ. ನೆರಳಿನ ಛಾಯೆಗಳಿಗಾಗಿ ರಾಳದ ಪುಡಿಯನ್ನು ಬಳಸುವ ಅಕ್ವಾಟಿಂಟ್ ವಿಧಾನವನ್ನೂ ಬ್ಯಾರಿಯವರು ಅನುಸರಿಸಿದ್ದಾರೆ. ಇಂಗ್ಲೆಂಡಿನಲ್ಲಿ ಆಗ ಇದು ಹೊಸದಾಗಿತ್ತು. ಪಾಲ್ ಸ್ಯಾಂಡ್ಬಿಯವರು ವೇಲ್ಸ್ ಪ್ರದೇಶದ ದೃಶ್ಯಗಳನ್ನು ಈ ವಿಧಾನದಲ್ಲಿ ಪ್ರಕಟಿಸಿದ್ದು 1775ರಲ್ಲಿ.

ಮಹತ್ವ:
ಇದೇ ವಸ್ತುವಿನ ತೈಲಚಿತ್ರವನ್ನು ಬ್ಯಾರಿಯವರು 1770ರಲ್ಲಿ ಇಟಲಿಯ ಬೊಲೊನ್ಯ ನಗರದ ಕ್ಲೆಮೆಂಟೀನಾ ಅಕಾಡೆಮಿಗಾಗಿ ರಚಿಸಿದ್ದರು. ಅದು ಆ ನಗರದಲ್ಲಿಯೇ ಉಳಿಯಿತು. ಛಾಯಾಚಿತ್ರವಿಲ್ಲದ ಆ ಕಾಲದಲ್ಲಿ, ಬೊಲೊನ್ಯಕ್ಕೆ ಹೋಗಲಾರದವರಿಗೆ ಈ ಕಲ್ಪನೆಯನ್ನು ತಲುಪಿಸಿದ್ದು ಮುದ್ರಿತ ಪ್ರತಿಗಳೇ. ಬೇರೆ ಕೊರೆತಗಾರರಿಗೆ ಒಪ್ಪಿಸದೆ ಫಲಕವನ್ನು ಬ್ಯಾರಿಯವರು ಸ್ವತಃ ಸಿದ್ಧಪಡಿಸಿದ್ದು ಗಮನಾರ್ಹ.

ವೀಕ್ಷಕರ ಗಮನಕ್ಕೆ:
ಕಾಗದದ ಮೇಲಿನ ಚಿತ್ರಗಳು ಬೆಳಕಿನಿಂದ ಹಾನಿಗೊಳಗಾಗುವುದರಿಂದ ವಸ್ತುಸಂಗ್ರಹಾಲಯಗಳು ಅವುಗಳನ್ನು ಸದಾಕಾಲ ಪ್ರದರ್ಶಿಸುವುದಿಲ್ಲ. ಮೂಲ ಪ್ರತಿಯನ್ನು ನೋಡಲಿಚ್ಛಿಸುವವರು ಸಂಬಂಧಪಟ್ಟ ಸಂಗ್ರಹಾಲಯದ ಮುದ್ರಣಚಿತ್ರ ವಿಭಾಗಕ್ಕೆ ಮುಂಚಿತವಾಗಿ ಮನವಿ ಸಲ್ಲಿಸಿ ಸಮಯ ಪಡೆಯುವುದು ಸೂಕ್ತ. ಫಲಕದ ಅಂಚು ಕಾಗದದಲ್ಲಿ ಮೂಡಿಸಿದ ತಗ್ಗಾದ ಗುರುತನ್ನು ಪ್ರತಿಯ ಸುತ್ತಲೂ ಗಮನಿಸಬಹುದು. ಅಂಚು ಕತ್ತರಿಸಿದ ಪ್ರತಿಗಳಲ್ಲಿ ಈ ಗುರುತು ಕಾಣಸಿಗದು.