ಬೆಳ್ಳಿಮೋಡ (ಚಲನಚಿತ್ರ)

1967ರಲ್ಲಿ ತೆರೆಕಂಡ ಕನ್ನಡ ಚಿತ್ರ; ಪುಟ್ಟಣ್ಣ ಕಣಗಾಲ್ ಕನ್ನಡದಲ್ಲಿ ನಿರ್ದೇಶಿಸಿದ ಮೊದಲನೆಯದು. ಮೈಸೂರಿನ ಕಾದಂಬರಿಗಾರ್ತಿ ತ್ರಿವೇಣಿಯವರ ಅದೇ ಹೆಸರಿನ ಕಾದಂಬರಿ ಇದರ ಮೂಲ. ಕಲ್ಪನಾ, ಕಲ್ಯಾಣ್ ಕುಮಾರ್, ಕೆ. ಎಸ್. ಅಶ್ವಥ್, ಪಂಢರೀಬಾಯಿ ಮುಖ್ಯ ಪಾತ್ರಗಳಲ್ಲಿದ್ದಾರೆ. ಸಂಗೀತ ವಿಜಯಭಾಸ್ಕರ್ ಅವರದು, ಛಾಯಾಗ್ರಹಣ ಆರ್. ಎನ್. ಕೆ. ಪ್ರಸಾದ್ ಅವರದು.

ತ್ರಿವೇಣಿ (ಅನಸೂಯಾ ಶಂಕರ್, 1928–1963) ಬಿ. ಎಂ. ಶ್ರೀಕಂಠಯ್ಯನವರ ಮನೆತನದವರು. ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ಓದಿದ್ದ ಅವರು ಹೆಣ್ಣಿನ ಒಳತೋಟಿಯನ್ನು ಕನ್ನಡ ಕಾದಂಬರಿಯ ನಡುಮನೆಗೆ ತಂದರು. ಅವರು ಬಾಳಿದ ಚಾಮರಾಜಪುರಂ ಮನೆ ಇಂದು ‘ಬೆಳ್ಳಿಮೋಡ’ ಎಂಬ ಹೆಸರಿನಲ್ಲೇ ಅವರ ನೆನಪಿನ ವಸ್ತುಸಂಗ್ರಹಾಲಯವಾಗಿದೆ. ಚಿತ್ರ ಬರುವ ಹೊತ್ತಿಗೆ ಅವರಿರಲಿಲ್ಲ. ಪಿರಿಯಾಪಟ್ಟಣ ತಾಲೂಕಿನ ಕಣಗಾಲಿನವರಾದ ಪುಟ್ಟಣ್ಣನವರು ಅದಕ್ಕೂ ಮೊದಲೇ, 1966ರಲ್ಲಿ, ತ್ರಿವೇಣಿಯವರ ‘ಬೆಕ್ಕಿನ ಕಣ್ಣು’ ಕಾದಂಬರಿಯನ್ನು ಮಲಯಾಳದಲ್ಲಿ ‘ಪೂಚಕ್ಕಣ್ಣಿ’ಯಾಗಿ ತೆರೆಗೆ ತಂದಿದ್ದರು.

ಕತೆ ನಡೆಯುವುದು ಮಲೆನಾಡಿನ ‘ಬೆಳ್ಳಿಮೋಡ’ ಎಸ್ಟೇಟಿನಲ್ಲಿ. ಸದಾಶಿವರಾಯರ ಒಬ್ಬಳೇ ಮಗಳು ಇಂದಿರಾ. ಅಮೆರಿಕದಲ್ಲಿ ಓದಬೇಕೆಂದು ನೆರವು ಕೇಳಿ ಬಂದ ಮೋಹನನಿಗೆ ರಾಯರು ಹಣ ಕೊಡುತ್ತಾರೆ, ಮಗಳೊಂದಿಗೆ ನಿಶ್ಚಿತಾರ್ಥವನ್ನೂ ಮಾಡುತ್ತಾರೆ. ಅವನು ದೂರದಲ್ಲಿರುವಾಗ ಇಂದಿರಾಳಿಗೆ ತಮ್ಮ ಹುಟ್ಟುತ್ತಾನೆ, ತಾಯಿ ತೀರಿಕೊಳ್ಳುತ್ತಾಳೆ. ಮರಳಿ ಬಂದ ಮೋಹನ, ಆಸ್ತಿ ಇನ್ನು ಆ ಮಗುವಿನದೆಂದು ತಿಳಿದದ್ದೇ ಮದುವೆಯಿಂದ ಹಿಂದೆ ಸರಿಯುತ್ತಾನೆ. ಮುಂದೆ ಪೆಟ್ಟುಬಿದ್ದು ಮಲಗಿದ ಅವನನ್ನು ಅದೇ ಮನೆಯಲ್ಲಿ ಆರೈಕೆ ಮಾಡಿ ಎಬ್ಬಿಸುವವಳು ಇಂದಿರಾ. ಪಶ್ಚಾತ್ತಾಪಪಟ್ಟು ಅವನು ಕೈಚಾಚಿದಾಗ ಅವಳು ಒಲ್ಲೆ ಎನ್ನುತ್ತಾಳೆ.

ಒಂಟಿ ಬಂಗಲೆ, ವಾರಸುದಾರಿಕೆಯ ಗಂಟು, ಅದರಲ್ಲಿ ಸಿಕ್ಕಿಬಿದ್ದ ಪ್ರೇಮ: ಇವು ಯುರೋಪಿನ ಗಾಥಿಕ್ ಪ್ರಣಯಕತೆಗಳ ಸಾಮಗ್ರಿ. ‘ಬೆಳ್ಳಿಮೋಡ’ದಲ್ಲಿ ಭೂತವಿಲ್ಲ, ಬೀಗ ಹಾಕಿದ ಕೋಣೆಯಿಲ್ಲ, ಮನೆಯನ್ನು ಕಾಡುವುದು ಗಂಡುಸಂತಾನಕ್ಕೆ ಆಸ್ತಿ ಹೋಗುವ ಪದ್ಧತಿ. ‘ಜೇನ್ ಏರ್’ ಕಾದಂಬರಿಯ ನಾಯಕಿ ಆಸ್ತಿ ಪಡೆದು, ಅಂಗಹೀನನಾದ ನಾಯಕನ ಬಳಿಗೆ ಮರಳುತ್ತಾಳೆ. ಇಂದಿರಾ ಆಸ್ತಿ ಕಳೆದುಕೊಂಡವಳು, ಗಾಯಗೊಂಡವನನ್ನು ಗುಣಪಡಿಸಿದವಳು, ಆದರೂ ಮದುವೆಗೆ ಒಪ್ಪದವಳು. ಕರುಣೆಯನ್ನೂ ಪ್ರೇಮವನ್ನೂ ಬೇರೆಬೇರೆಯಾಗಿ ಕಂಡ ಈ ನಿಲುವಿನಲ್ಲೇ ಕೃತಿಯ ಸತ್ವವಿದೆ. ನೋಡುಗರು ಬಯಸುವ ಮಂಗಳಕ್ಕೆ ಪುಟ್ಟಣ್ಣ ಅದನ್ನು ಬಲಿಕೊಡದೆ ಉಳಿಸಿಕೊಂಡದ್ದು ದೊಡ್ಡ ಧೈರ್ಯ.

ಸ್ಟುಡಿಯೊ ಸೆಟ್ಟುಗಳೇ ರೂಢಿಯಾಗಿದ್ದ ಕಾಲದಲ್ಲಿ ಚಿಕ್ಕಮಗಳೂರು ಸೀಮೆಯ ಬೆಟ್ಟ, ಮಂಜು, ಮರಗಳನ್ನು ಕಪ್ಪು-ಬಿಳುಪಿನಲ್ಲಿ ಹಿಡಿದ ಈ ಚಿತ್ರದಲ್ಲಿ ನಿಸರ್ಗ ಬರಿಯ ಹಿನ್ನೆಲೆಯಲ್ಲ, ಇಂದಿರಾಳ ಮನಸ್ಸಿನ ಏರಿಳಿತಕ್ಕೆ ಒಡನಾಡಿ. ದ. ರಾ. ಬೇಂದ್ರೆಯವರ ‘ಬೆಳಗು’ ಕವಿತೆ ಇಲ್ಲಿ ಚಿತ್ರಗೀತೆಯಾಗಿ ಮನೆಮಾತಾಯಿತು.

ಕಲ್ಪನಾ ಅವರ ಹೆಸರು ತ್ರಿವೇಣಿಯವರ ನಾಯಕಿಯರೊಂದಿಗೆ ಬೆಸೆದುಕೊಂಡದ್ದು ಇಲ್ಲಿಂದ. ಅದೇ ಸಾಲಿನಲ್ಲಿ 1968ರಲ್ಲಿ ಎಂ. ಆರ್. ವಿಠಲ್ ನಿರ್ದೇಶನದ ‘ಹಣ್ಣೆಲೆ ಚಿಗುರಿದಾಗ’ ಬಂತು. 1970ರ ದಶಕದ ಆರಂಭದಲ್ಲಿ ಪುಟ್ಟಣ್ಣನವರದೇ ‘ಶರಪಂಜರ’ದಲ್ಲಿ ಅವರು ಮಾನಸಿಕ ಕಾಯಿಲೆಯಿಂದ ಚೇತರಿಸಿಕೊಂಡರೂ ಮನೆಯವರ ಅನುಮಾನದಿಂದ ಬಿಡುಗಡೆ ಕಾಣದ ಕಾವೇರಿಯಾದರು.