ರಕ್ತನಾಳದ ಜೀವಕೋಶದಲ್ಲಿ ಈಸ್ಟ್ರೋಜನ್: ಒಂದು ಸಂಶೋಧನಾ ಪ್ರಶ್ನೆಯ ಚರಿತ್ರೆ

ಪೀಠಿಕೆ

ಈಸ್ಟ್ರೋಜನ್ ಹೆಂಗಸರ ಹೃದಯವನ್ನು ಕಾಪಾಡುತ್ತದೆಯೇ? ಇಪ್ಪತ್ತನೆಯ ಶತಮಾನದ ಉತ್ತರಾರ್ಧದ ವೈದ್ಯಸಂಶೋಧನೆ ಈ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂಬ ಒಂದೇ ಉತ್ತರವನ್ನು ನಿರೀಕ್ಷಿಸಿತ್ತು. ಅದೇ ಕಾಲದಲ್ಲಿ ಪ್ರಯೋಗಾಲಯಗಳು ಬೇರೊಂದು ಸಂಗತಿಯನ್ನು ತೋರಿಸುತ್ತಿದ್ದವು: ಹಾರ್ಮೋನಿನ ಪರಿಣಾಮವನ್ನು ನಿರ್ಧರಿಸುವುದು ಹಾರ್ಮೋನು ಮಾತ್ರವಲ್ಲ, ಅದನ್ನು ಬರಮಾಡಿಕೊಳ್ಳುವ ಜೀವಕೋಶದ ಸ್ಥಿತಿಯೂ ಹೌದು. ಈ ಎರಡು ಧಾರೆಗಳು ಬಹುಕಾಲ ಬೇರೆಬೇರೆಯಾಗಿಯೇ ಹರಿದವು, 2002ರಲ್ಲಿ ದೊಡ್ಡ ಚಿಕಿತ್ಸಾ ಪ್ರಯೋಗವೊಂದು ಕೊಟ್ಟ ಆಘಾತದ ತನಕ ಒಂದನ್ನೊಂದು ಗಂಭೀರವಾಗಿ ಓದಿಕೊಳ್ಳಲಿಲ್ಲ ಎಂಬುದು ಈ ಲೇಖನದ ವಾದ.

ಗರ್ಭಕೋಶವೇ ಮಾದರಿಯಾಗಿದ್ದ ಕಾಲ

1923ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಎಡ್ಗರ್ ಆಲೆನ್ ಮತ್ತು ಎಡ್ವರ್ಡ್ ಡಾಯ್ಸಿ ಅಂಡಾಶಯದ ಹಾರ್ಮೋನನ್ನು ಪರೀಕ್ಷಿಸುವ ವಿಧಾನವನ್ನು ಪ್ರಕಟಿಸಿದರು. 1929ರಲ್ಲಿ ಡಾಯ್ಸಿ ಮತ್ತು ಜರ್ಮನಿಯ ಅಡಾಲ್ಫ್ ಬುಟೆನಾಂಟ್ ಪ್ರತ್ಯೇಕವಾಗಿ ಈಸ್ಟ್ರೋಜನ್ನಿನ ಒಂದು ರೂಪವಾದ ಈಸ್ಟ್ರೋನ್ ಅನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದರು. ಆದರೆ ಇಷ್ಟು ಅಲ್ಪ ಪ್ರಮಾಣದ ವಸ್ತು ಅಂಗಾಂಶವನ್ನು ಬದಲಿಸುವ ಬಗೆ ಮುಂದಿನ ಮೂರು ದಶಕಗಳ ಕಾಲ ನಿಗೂಢವಾಗಿಯೇ ಇತ್ತು. ಹಾರ್ಮೋನು ಕಿಣ್ವಗಳ ಕ್ರಿಯೆಯಲ್ಲಿ ಭಾಗವಹಿಸಿ ತಾನೂ ರಾಸಾಯನಿಕವಾಗಿ ಮಾರ್ಪಡುತ್ತದೆ ಎಂಬುದು ಅಂದಿನ ಪ್ರಬಲ ನಂಬಿಕೆ.

ಷಿಕಾಗೋ ವಿಶ್ವವಿದ್ಯಾಲಯದ ಎಲ್‌ವುಡ್ ಜೆನ್ಸೆನ್ ಮತ್ತು ಹರ್ಬರ್ಟ್ ಜೇಕಬ್‌ಸನ್ 1950ರ ದಶಕದ ಕೊನೆಗೆ ವಿಕಿರಣಶೀಲ ಟ್ರಿಟಿಯಂ ಸೇರಿಸಿದ ಎಸ್ಟ್ರಡೈಆಲ್ ಎಂಬ ಈಸ್ಟ್ರೋಜನ್ ಅನ್ನು ಎಳೆಯ ಹೆಣ್ಣಿಲಿಗಳಿಗೆ ಕೊಟ್ಟು ಈ ನಂಬಿಕೆಯನ್ನು ಒರೆಗೆ ಹಚ್ಚಿದರು. ಹಾರ್ಮೋನು ರಾಸಾಯನಿಕವಾಗಿ ಬದಲಾಗದೆ ಗರ್ಭಕೋಶದಲ್ಲಿ ಹೆಚ್ಚು ಹೊತ್ತು ಉಳಿದುಕೊಂಡಿತು. ಅಂದರೆ ಅದನ್ನು ಹಿಡಿದಿಡುವ ಗ್ರಾಹಕವೊಂದು ಅಲ್ಲಿರಬೇಕು. 1966ರಲ್ಲಿ ಡೇವಿಡ್ ಟಾಫ್ಟ್ ಮತ್ತು ಜಾಕ್ ಗೋರ್‌ಸ್ಕಿ ಈ ಗ್ರಾಹಕ ಪ್ರೋಟೀನನ್ನು ಗುರುತಿಸಿದರು. ಹಾರ್ಮೋನು ಸೇರಿದ ಗ್ರಾಹಕ ಡಿಎನ್‌ಎಯ ನಿರ್ದಿಷ್ಟ ತಾಣವನ್ನು ಹಿಡಿದು ಜೀನ್‌ಗಳ ಅಭಿವ್ಯಕ್ತಿಯನ್ನು ಏರಿಳಿಸುತ್ತದೆ ಎಂಬ ಚಿತ್ರ ಕ್ರಮೇಣ ಮೂಡಿತು. 1985–86ರ ಹೊತ್ತಿಗೆ, ಸ್ತನ ಕ್ಯಾನ್ಸರಿನ ಎಂಸಿಎಫ್-7 ಕೋಶಗಳಿಂದ ಈ ಗ್ರಾಹಕದ ಜೀನ್ ಪ್ರತಿಯನ್ನು ಪಿಯೆರ್ ಷಾಂಬೋನ್ ಅವರ ಸ್ಟ್ರಾಸ್‌ಬೂರ್ಗ್ ತಂಡವೂ ಅಮೆರಿಕದ ತಂಡವೊಂದೂ ಪಡೆದವು.

ಈ ಸಾಧನೆಗಳೆಲ್ಲ ನಡೆದದ್ದು ಗರ್ಭಕೋಶ ಮತ್ತು ಸ್ತನದ ಕೋಶಗಳಲ್ಲಿ. ರಕ್ತನಾಳದ ಸುಳಿವು ಇರಲೇ ಇಲ್ಲವೆಂದಲ್ಲ. 1978ರಲ್ಲಿ ಕಾಲ್ಬರ್ನ್ ಮತ್ತು ಬ್ಯೂನಸಿಸಿ ರಕ್ತನಾಳದ ಒಳಪದರದ, ಅಂದರೆ ಎಂಡೋಥೀಲಿಯಂನ, ಕೋಶಗಳಲ್ಲಿ ಈಸ್ಟ್ರೋಜನ್ ಅಂಟಿಕೊಳ್ಳುವ ತಾಣಗಳಿವೆಯೆಂದು ವರದಿ ಮಾಡಿದರು. 1982ರಲ್ಲಿ ಹೊರ್ವಿಟ್ಜ್ ದಂಪತಿ ನಾಯಿಗಳ ರಕ್ತನಾಳಗಳಲ್ಲೂ ಗ್ರಾಹಕಗಳನ್ನು ತೋರಿಸಿದರು. ಆದರೂ ರಕ್ತನಾಳವನ್ನು ಬರಿಯ ಕೊಳವೆಯೆಂದು ಕಾಣುತ್ತಿದ್ದ ಕಾಲದಲ್ಲಿ ಈ ವರದಿಗಳಿಗೆ ಸಿಗಬೇಕಾದ ಗಮನ ಸಿಗಲಿಲ್ಲ. ಫ್ರೇಮಿಂಗ್‌ಹ್ಯಾಮ್ ಎಂಬ ಅಮೆರಿಕದ ದೀರ್ಘಕಾಲದ ಹೃದ್ರೋಗ ಅಧ್ಯಯನ 1976ರಲ್ಲಿ 2,873 ಹೆಂಗಸರ ವಿವರಗಳ ಆಧಾರದ ಮೇಲೆ ಮುಟ್ಟು ನಿಂತ ಮೇಲೆ ಹೃದ್ರೋಗ ಹೆಚ್ಚುವುದನ್ನು ದಾಖಲಿಸಿದಾಗಲೂ ವಿವರಣೆಯನ್ನು ಹುಡುಕಿದ್ದು ಯಕೃತ್ತಿನಲ್ಲಿ, ಕೊಲೆಸ್ಟರಾಲ್ ಪ್ರಮಾಣದಲ್ಲಿ.

ನೈಟ್ರಿಕ್ ಆಕ್ಸೈಡ್ ತೆರೆದ ದಾರಿ

ಈ ದೃಷ್ಟಿ ಬದಲಾದದ್ದು ಹಾರ್ಮೋನು ವಿಜ್ಞಾನದ ಹೊರಗಿನಿಂದ. ರಾಬರ್ಟ್ ಫರ್ಚ್‌ಗಾಟ್ 1980ರಲ್ಲಿ ಒಳಪದರ ತಾನೇ ಒಂದು ವಸ್ತುವನ್ನು ಸ್ರವಿಸಿ ನಾಳವನ್ನು ಹಿಗ್ಗಿಸುತ್ತದೆಂದು ತೋರಿಸಿದರು. ಆ ವಸ್ತು ನೈಟ್ರಿಕ್ ಆಕ್ಸೈಡ್ ಎಂದು ಮುಂದೆ ಖಚಿತವಾಯಿತು. ಅದನ್ನು ತಯಾರಿಸುವ ಕಿಣ್ವದ ಜೀನ್ ಕೈಗೆ ಸಿಕ್ಕಿದ್ದೇ ತಡ, ಈಸ್ಟ್ರೋಜನ್ ಅದನ್ನು ನಿಯಂತ್ರಿಸುತ್ತದೆಯೇ ಎಂದು ಕೇಳುವುದು ಸಾಧ್ಯವಾಯಿತು. ಗಿನಿಯಿಲಿಗಳಲ್ಲಿ ಬಸಿರೂ ಎಸ್ಟ್ರಡೈಆಲ್ ಚುಚ್ಚುಮದ್ದೂ ಈ ಕಿಣ್ವದ ಚಟುವಟಿಕೆಯನ್ನು ಏರಿಸುತ್ತವೆಂದು ಕಾರ್ಲ್ ವೀನರ್ ಮತ್ತು ಸಂಗಡಿಗರು 1994ರಲ್ಲಿ ವರದಿ ಮಾಡಿದರು. ಅದೇ ವರ್ಷ ಬಾಸ್ಟನ್ನಿನ ರಿಚರ್ಡ್ ಕರಾಸ್ ಮತ್ತು ಮೈಕೆಲ್ ಮೆಂಡೆಲ್‌ಸನ್ ಮನುಷ್ಯರ ರಕ್ತನಾಳದ ಸ್ನಾಯುಕೋಶಗಳಲ್ಲಿ ಜೀನ್‌ಗಳನ್ನು ಚಾಲೂ ಮಾಡಬಲ್ಲ ಗ್ರಾಹಕವಿದೆಯೆಂದು ತೋರಿಸಿದರು.

ಆ ಬಳಿಕ ಹಾರ್ಮೋನಿಗೆ ಸ್ಪಂದಿಸುವ ಜೀನ್‌ಗಳ ಪಟ್ಟಿ ಬೆಳೆಯಿತು. ಉರಿಯೂತದ ಸಂದೇಶ ಬಂದಾಗ ಒಳಪದರ ಬಿಳಿ ರಕ್ತಕಣಗಳನ್ನು ಅಂಟಿಸಿಕೊಳ್ಳಲು ಹೊರಚಾಚುವ ಇ-ಸೆಲೆಕ್ಟಿನ್, ವಿಕ್ಯಾಮ್-1 ಮೊದಲಾದ ಪ್ರೋಟೀನುಗಳ ಉತ್ಪಾದನೆಯನ್ನು ಎಸ್ಟ್ರಡೈಆಲ್ ತಗ್ಗಿಸುವುದು ಕೋಶ ಕೃಷಿಯಲ್ಲಿ ಕಂಡುಬಂತು. ಗ್ರಾಹಕ ಡಿಎನ್‌ಎಯನ್ನು ಹಿಡಿಯುವ 13 ಅಕ್ಷರಗಳ ಆದರ್ಶ ತಾಣ ಕಪ್ಪೆಯ ವಿಟೆಲ್ಲೊಜೆನಿನ್ ಜೀನ್‌ನಿಂದ ತಿಳಿದುಬಂದಿತ್ತು. ಎಲ್ಲ ಜೀನ್‌ಗಳಲ್ಲೂ ಅಂಥ ಪೂರ್ಣ ತಾಣ ಬೇಕಿರಲಿಲ್ಲ. ಎಷ್ಟೋ ಕಡೆ ಗ್ರಾಹಕ ಬೇರೆ ನಿಯಂತ್ರಕ ಪ್ರೋಟೀನುಗಳ ಆಸರೆಯಲ್ಲಿ ಕೆಲಸ ಮಾಡುತ್ತಿತ್ತು, ಉರಿಯೂತದ ಜೀನ್‌ಗಳ ವಿಷಯದಲ್ಲಿ ಎನ್‌ಎಫ್-ಕಪ್ಪಾಬಿ ಎಂಬ ನಿಯಂತ್ರಕಕ್ಕೆ ಅಡ್ಡಿಯಾಗುತ್ತಿತ್ತು. ಆ ಜೊತೆಗಾರ ಪ್ರೋಟೀನುಗಳು ಕೋಶದಿಂದ ಕೋಶಕ್ಕೆ ಬೇರೆಯಾಗುವುದರಿಂದ ಗರ್ಭಕೋಶದ ಪಾಠವನ್ನು ರಕ್ತನಾಳಕ್ಕೆ ನೇರವಾಗಿ ಅನ್ವಯಿಸುವಂತಿರಲಿಲ್ಲ.

ಎರಡು ಗ್ರಾಹಕಗಳು, ಎರಡು ಮಾರ್ಗಗಳು

1996ರಲ್ಲಿ ಸ್ವೀಡನ್ನಿನ ಯಾನ್-ಓಕೆ ಗುಸ್ತಾಫ್‌ಸನ್ ಅವರ ತಂಡ ಎರಡನೆಯ ಗ್ರಾಹಕವನ್ನು ಪತ್ತೆಹಚ್ಚಿತು. ಹಳೆಯದಕ್ಕೆ ಆಲ್ಫಾ, ಹೊಸದಕ್ಕೆ ಬೀಟಾ ಎಂಬ ಹೆಸರು ನಿಂತಿತು. ಮರುವರ್ಷವೇ ಒಂದು ಒಗಟು ಎದುರಾಯಿತು. ಆಲ್ಫಾ ಜೀನ್ ಕೆಡಿಸಿದ ಇಲಿಗಳಲ್ಲೂ ಗಾಯಗೊಂಡ ಅಪಧಮನಿಯನ್ನು ಈಸ್ಟ್ರೋಜನ್ ಕಾಪಾಡಿತು. ಹಾಗಾದರೆ ಕೆಲಸ ಬೀಟಾದ್ದೇ? 1999ರಲ್ಲಿ ಬೀಟಾ ಇಲ್ಲದ ಇಲಿಗಳಲ್ಲೂ ರಕ್ಷಣೆ ಉಳಿಯಿತು. ಗೊಂದಲದ ಮೂಲ ಮೊದಲ ಇಲಿ ತಳಿಯಲ್ಲೇ ಇತ್ತು: 1993ರ ಆ ತಳಿಯಲ್ಲಿ ಆಲ್ಫಾ ಗ್ರಾಹಕದ ಮೊಟಕು ರೂಪವೊಂದು ಇನ್ನೂ ತಯಾರಾಗುತ್ತಿತ್ತು. ಸ್ಟ್ರಾಸ್‌ಬೂರ್ಗ್‌ನಲ್ಲಿ ರೂಪಿಸಿದ, ಆಲ್ಫಾ ಸಂಪೂರ್ಣ ಇಲ್ಲದ ತಳಿಯಲ್ಲಿ ಆ ರಕ್ಷಣೆ ಇಲ್ಲವಾಗುತ್ತದೆಂದು 2002ರಲ್ಲಿ ಸಾಬೀತಾಯಿತು. ಹಾಗೆಂದು ಬೀಟಾ ನಿರುಪಯುಕ್ತವಲ್ಲ. ಅದಿಲ್ಲದ ಇಲಿಗಳಿಗೆ ವಯಸ್ಸಾದಂತೆ ರಕ್ತದೊತ್ತಡ ಏರುವುದು ಅದೇ ವರ್ಷ ವರದಿಯಾಯಿತು.

ಇನ್ನೊಂದು ತೊಡಕು ವೇಗದ್ದು. ಜೀನ್ ಓದಿ ಪ್ರೋಟೀನು ತಯಾರಾಗಲು ಗಂಟೆಗಳು ಬೇಕು. ನಾಳ ಮಾತ್ರ ಕೆಲವೇ ನಿಮಿಷಗಳಲ್ಲಿ ಸ್ಪಂದಿಸುತ್ತಿತ್ತು. ಕೋಶಪೊರೆಯ ಬಳಿಯಿರುವ ಆಲ್ಫಾ ಗ್ರಾಹಕವೇ ಪಿಐ3 ಕೈನೇಸ್ ಎಂಬ ಕಿಣ್ವದೊಡನೆ ಕೂಡಿ, ಜೀನ್‌ಗಳ ತಂಟೆಗೆ ಹೋಗದೆ ನೈಟ್ರಿಕ್ ಆಕ್ಸೈಡ್ ಬಿಡಿಸುತ್ತದೆಂದು 2000ರಲ್ಲಿ ಸಿಮೊನ್ಚಿನಿ ಮತ್ತು ಲಿಯಾವ್ ತೋರಿಸಿದರು. ಈ ಎರಡು ಮಾರ್ಗಗಳ ಕೆಲಸವನ್ನು ಬೇರ್ಪಡಿಸಿದ್ದು ಫ್ರಾನ್ಸಿನ ತುಲೂಸ್‌ನಲ್ಲಿ ಜಾನ್-ಫ್ರಾನ್ಸ್ವಾ ಅರ್ನಾಲ್ ಅವರ ತಂಡ. ಗ್ರಾಹಕದಲ್ಲಿ ಜೀನ್ ಚಾಲನೆಗೆ ಬೇಕಾದ ಎಎಫ್-2 ಭಾಗವನ್ನು ಕೆಡಿಸಿದರೆ ಅಪಧಮನಿಯಲ್ಲಿ ಕೊಬ್ಬು ಕಟ್ಟುವುದರ ವಿರುದ್ಧದ ರಕ್ಷಣೆ ತಪ್ಪಿತು, ಒಳಪದರದ ಗಾಯ ಮಾಯುವುದು ಮಾತ್ರ ಎಂದಿನಂತೆ ನಡೆಯಿತು (2011). ಗ್ರಾಹಕ ಪೊರೆಗೆ ಅಂಟದಂತೆ ಮಾರ್ಪಡಿಸಿದಾಗ ಗಾಯ ಬೇಗ ಮಾಯುವುದು ನಿಂತಿತು, ಗರ್ಭಕೋಶದ ಸ್ಪಂದನ ಉಳಿಯಿತು (2014). ದೀರ್ಘಕಾಲದ ರಕ್ಷಣೆಗೆ ಜೀನ್ ಅಭಿವ್ಯಕ್ತಿ ಅನಿವಾರ್ಯವೆಂದು ಹೀಗೆ ಸ್ಪಷ್ಟವಾಯಿತು.

ಚಿಕಿತ್ಸಾ ಪ್ರಯೋಗಗಳ ತೀರ್ಪು

ಪ್ರಯೋಗಾಲಯ ಈ ಸಿಕ್ಕುಗಳನ್ನು ಬಿಡಿಸುತ್ತಿದ್ದಾಗಲೇ ಆಸ್ಪತ್ರೆಗಳಲ್ಲಿ ಮುಟ್ಟು ನಿಂತ ಹೆಂಗಸರಿಗೆ ಕೊಡುವ ಹಾರ್ಮೋನು ಗುಳಿಗೆ ವ್ಯಾಪಕ ಬಳಕೆಯಲ್ಲಿತ್ತು. ಈಗಾಗಲೇ ಹೃದ್ರೋಗವಿದ್ದ 2,763 ಹೆಂಗಸರ ಹರ್ಸ್ ಪ್ರಯೋಗ 1998ರಲ್ಲಿ ಯಾವ ಪ್ರಯೋಜನವನ್ನೂ ಕಾಣಲಿಲ್ಲ. ಮೊದಲ ವರ್ಷದಲ್ಲಿ ಹೃದಯದ ತೊಂದರೆಗಳು ಹೆಚ್ಚೇ ಆಗಿದ್ದವು. 16,608 ಹೆಂಗಸರಿದ್ದ ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್ ಪ್ರಯೋಗದ ಈಸ್ಟ್ರೋಜನ್-ಪ್ರೊಜೆಸ್ಟಿನ್ ವಿಭಾಗವನ್ನು 2002ರ ಜುಲೈನಲ್ಲಿ ಅವಧಿಗೆ ಮುಂಚೆಯೇ ನಿಲ್ಲಿಸಲಾಯಿತು. ಸ್ತನ ಕ್ಯಾನ್ಸರಿನ ಪ್ರಮಾಣ ಪ್ರಯೋಗ ನಿಲ್ಲಿಸಲು ಗೊತ್ತುಮಾಡಿದ್ದ ಮಿತಿಯನ್ನು ಮೀರಿತ್ತು, ಹೃದ್ರೋಗ ಮತ್ತು ಪಾರ್ಶ್ವವಾಯು ತಗ್ಗುವ ಬದಲು ಏರಿದ್ದವು. ಭಾಗವಹಿಸಿದವರ ಸರಾಸರಿ ವಯಸ್ಸು 63.

ಪ್ರಯೋಗಾಲಯದ ಹಳೆಯ ಫಲಿತಾಂಶಗಳನ್ನು ಈ ತೀರ್ಪಿನ ಪಕ್ಕದಲ್ಲಿಟ್ಟು ಓದಿದರೆ ಆಶ್ಚರ್ಯ ಕಡಿಮೆಯಾಗುತ್ತದೆ. ಮುಟ್ಟು ನಿಲ್ಲದ ಹೆಂಗಸರಲ್ಲೂ ರೋಗ ತಗುಲಿದ ಹೃದಯದ ಅಪಧಮನಿಗಳಲ್ಲಿ ಈಸ್ಟ್ರೋಜನ್ ಗ್ರಾಹಕ ಕಾಣಿಸುವುದು ಕಡಿಮೆ ಎಂದು ಡಗ್ಲಾಸ್ ಲಾಸೊರ್ಡೊ 1994ರಲ್ಲೇ ಹೇಳಿದ್ದರು. ಗ್ರಾಹಕದ ಜೀನ್ ಮೇಲೆ ಮಿಥೈಲ್ ಗುಂಪುಗಳು ಕೂತು ಅದು ಮೌನವಾಗುವುದು ವಯಸ್ಸಿನೊಂದಿಗೆ, ಕೊಬ್ಬು ಕಟ್ಟಿದ ಜಾಗಗಳಲ್ಲಿ ಹೆಚ್ಚೆಂದು 1999ರ ಅಧ್ಯಯನ ತೋರಿಸಿತ್ತು. ಥಾಮಸ್ ಕ್ಲಾರ್ಕ್‌ಸನ್ ಅವರು ಪ್ರಯೋಗಕ್ಕೆ ಬಳಸಿದ ಮಂಗಗಳಲ್ಲಿ ಅಂಡಾಶಯ ತೆಗೆದ ಕೂಡಲೇ ಕೊಟ್ಟ ಈಸ್ಟ್ರೋಜನ್ ಅಪಧಮನಿಯನ್ನು ಕಾಪಾಡಿತ್ತು, ವರ್ಷಗಳು ತಡೆದು ಕೊಟ್ಟದ್ದು ಕಾಪಾಡಿರಲಿಲ್ಲ. ಕೊಬ್ಬು ಕಟ್ಟಿದ ನಾಳದಲ್ಲಿ ಸೇರಿಕೊಳ್ಳುವ 27-ಹೈಡ್ರಾಕ್ಸಿಕೊಲೆಸ್ಟರಾಲ್ ಎಂಬ ಕೊಲೆಸ್ಟರಾಲ್ ಉತ್ಪನ್ನ ಈಸ್ಟ್ರೋಜನ್ನಿನ ಗ್ರಾಹಕವನ್ನೇ ಆಕ್ರಮಿಸಿ ಅದರ ಕೆಲಸಕ್ಕೆ ತಡೆಯೊಡ್ಡುತ್ತದೆಂದು ಆ ತೀರ್ಪಿನ ಬಳಿಕ, 2007ರಲ್ಲಿ, ತಿಳಿಯಿತು. ಇನ್ನು, ನುಂಗಿದ ಗುಳಿಗೆ ಮೊದಲು ಹಾಯುವುದು ಯಕೃತ್ತನ್ನು. ಅಲ್ಲಿ ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನುಗಳ ಉತ್ಪಾದನೆ ಏರುತ್ತದೆ. ಒಂದೇ ಹಾರ್ಮೋನು ಎರಡು ಅಂಗಗಳಲ್ಲಿ ಎರಡು ಬಗೆಯ ಜೀನ್‌ಗಳನ್ನು ಎಬ್ಬಿಸಿತ್ತು.

ಸಮಾರೋಪ

2016ರಲ್ಲಿ ಫಲಿತಾಂಶ ಪ್ರಕಟವಾದ ಎಲೀಟ್ ಪ್ರಯೋಗ ಬದಲಾದ ಪ್ರಶ್ನೆಯಿಂದಲೇ ಹೊರಟಿತು. 643 ಹೆಂಗಸರನ್ನು ಮುಟ್ಟು ನಿಂತು 6 ವರ್ಷದೊಳಗಿನವರು, 10 ವರ್ಷ ದಾಟಿದವರು ಎಂದು ವಿಂಗಡಿಸಿತು. ಕತ್ತಿನ ಅಪಧಮನಿಯ ಭಿತ್ತಿ ದಪ್ಪವಾಗುವ ವೇಗವನ್ನು ಎಸ್ಟ್ರಡೈಆಲ್ ತಗ್ಗಿಸಿದ್ದು ಮೊದಲ ಗುಂಪಿನಲ್ಲಿ ಮಾತ್ರ. ಇದು ಭಿತ್ತಿಯ ಅಳತೆಯೇ ಹೊರತು ಹೃದಯಾಘಾತದ ಲೆಕ್ಕವಲ್ಲ. ಹೃದ್ರೋಗ ತಡೆಯುವುದಕ್ಕೆಂದೇ ಹಾರ್ಮೋನು ಕೊಡುವುದನ್ನು ಇಂದಿನ ವೈದ್ಯಕೀಯ ಮಾರ್ಗಸೂಚಿಗಳು ಒಪ್ಪುವುದಿಲ್ಲ.

ಚರಿತ್ರೆಯ ದೃಷ್ಟಿಯಿಂದ ಎಲೀಟ್‌ನ ಮಹತ್ವ ಅದರ ಫಲಿತಾಂಶಕ್ಕಿಂತ ಅದರ ವಿನ್ಯಾಸದಲ್ಲಿದೆ. ಎಷ್ಟು ವಯಸ್ಸಿನ ಮತ್ತು ಎಷ್ಟು ರೋಗ ಹಿಡಿದ ನಾಳ ಎಂಬ ಪ್ರಶ್ನೆಗೆ ಅಲ್ಲಿ ಜಾಗ ಸಿಕ್ಕಿತು. 1978ರಲ್ಲಿ ಬೆಳಕಿಗೆ ಬಂದ ರಕ್ತನಾಳದ ಗ್ರಾಹಕ ಚಿಕಿತ್ಸಾ ಪ್ರಯೋಗದ ವಿನ್ಯಾಸವನ್ನು ಬದಲಿಸಲು ದಶಕಗಳೇ ಹಿಡಿದವು. ಸಾಕ್ಷ್ಯದ ಕೊರತೆ ಇದಕ್ಕೆ ಅರ್ಧ ಕಾರಣ ಮಾತ್ರ. ಕೋಶವನ್ನು ನೋಡುವವರೂ ರೋಗಿಯನ್ನು ನೋಡುವವರೂ ಒಬ್ಬರ ಫಲಿತಾಂಶವನ್ನು ಇನ್ನೊಬ್ಬರು ತಮ್ಮ ಪ್ರಶ್ನೆಯ ಭಾಗವಾಗಿ ಕಾಣದೆ ಹೋದದ್ದು ಉಳಿದ ಅರ್ಧ.