ಇರಾನ್-ಇರಾಕ್ ಯುದ್ಧ: ಎಂಟು ವರ್ಷಗಳ ಜೀವಹಾನಿ, ಗಡಿ ಮಾತ್ರ ಹಳೆಯದೇ

ಇರಾನ್ ಮತ್ತು ಇರಾಕ್ ನಡುವೆ 1980ರಿಂದ 1988ರವರೆಗೆ ಯುದ್ಧ ನಡೆಯಿತು. ಎರಡೂ ದೇಶಗಳ ಗಡಿಯಲ್ಲಿ ಹರಿಯುವ ಶತ್ ಅಲ್-ಅರಬ್ ನದಿಯ ಮೇಲಿನ ಹಕ್ಕು ಇದರ ಮುಖ್ಯ ಕಾರಣಗಳಲ್ಲೊಂದು. ನದಿಯಲ್ಲಿ ಹಡಗು ಸಾಗುವ ಆಳದ ಗೆರೆಯೇ ಗಡಿ ಎಂದು 1975ರಲ್ಲಿ ಅಲ್ಜಿಯರ್ಸ್ ನಗರದಲ್ಲಿ ಒಪ್ಪಂದವಾಗಿತ್ತು. 1980ರ ಸೆಪ್ಟೆಂಬರ್‌ನಲ್ಲಿ ಇರಾಕಿನ ಅಧ್ಯಕ್ಷ ಸದ್ದಾಂ ಹುಸೇನ್ ಅದನ್ನು ರದ್ದೆಂದು ಸಾರಿದರು. ಅದೇ ತಿಂಗಳ 22ರಂದು ಇರಾಕ್ ದಾಳಿ ಆರಂಭಿಸಿತು.

ಎರಡೂ ಕಡೆ ಸೇರಿ ಲಕ್ಷಾಂತರ ಜನ ಪ್ರಾಣ ಕಳೆದುಕೊಂಡರು. ಇರಾನಿನಲ್ಲಿ ಓದುವ ವಯಸ್ಸಿನ ಹುಡುಗರೂ ರಣರಂಗಕ್ಕೆ ಹೋದರು. ಇರಾಕ್ ವಿಷಾನಿಲ ಬಳಸಿತು. 1988ರ ಮಾರ್ಚ್ 16ರಂದು ತನ್ನದೇ ನೆಲದ ಕುರ್ದ್ ಪಟ್ಟಣ ಹಲಬ್ಜದ ಮೇಲೆ ಅದನ್ನು ಸುರಿದಾಗ ಹೆಂಗಸರು, ಮಕ್ಕಳು ಸೇರಿ ಸುಮಾರು 5,000 ನಾಗರಿಕರು ಸತ್ತರು. ಬದುಕುಳಿದವರಲ್ಲಿ ಅನೇಕರಿಗೆ ಉಸಿರಾಟದ ತೊಂದರೆ, ಕಣ್ಣಿನ ತೊಂದರೆ ಜೀವನಪೂರ್ತಿ ಉಳಿಯಿತು.

ವಿಶ್ವಸಂಸ್ಥೆಯ ನಿರ್ಣಯದಂತೆ 1988ರ ಆಗಸ್ಟ್ 20ರಂದು ಕದನ ನಿಂತಿತು. ಎರಡು ವರ್ಷ ಕಳೆದು, ಕುವೈತ್ ಮೇಲೆ ದಾಳಿ ಮಾಡಿ ಒಂಟಿಯಾದಾಗ, ಸದ್ದಾಂ 1975ರ ಒಪ್ಪಂದವನ್ನೇ ಮತ್ತೆ ಒಪ್ಪಿಕೊಂಡರು. ಗಡಿ ಹಳೆಯ ಗೆರೆಗೇ ಬಂತು. ಕಾಗದದ ಮೇಲೆ ಮೊದಲೇ ಬಗೆಹರಿದಿದ್ದ ವ್ಯಾಜ್ಯಕ್ಕಾಗಿ ಸತ್ತವರು ಮಾತ್ರ ಮರಳಿ ಬರಲಿಲ್ಲ.